ರೆಂಟೆ ಕಾಣದ ಹೊಲ

ಕಣದ ನಡುವೆ ಜೋಳದ ರಾಶಿ ಕೂತಿತ್ತು. ಅದು ಇಷ್ಟು ದೊಡ್ಡದಾಗಬಾರದಿತ್ತು ಎಂದು ಯರ್ರೆಪ್ಪನಿಗೆ ಬೆಳಗಿನಿಂದ ಅನ್ನಿಸುತ್ತಿತ್ತು. ಬೆಳೆ ಬರಲಿಲ್ಲವೆಂದು ತಲೆಯ ಮೇಲೆ ಕೈ ಹೊತ್ತು ಕೂತವರನ್ನು ಲೋಕ ಬೇಕಾದಷ್ಟು ಕಂಡಿದೆ. ಬಂದದ್ದು ಹೆಚ್ಚಾಯಿತೆಂದು ಬೆವರುವ ಗಂಡಸು ಆಲೂರು ಸೀಮೆಯಲ್ಲಿ ಇವನೊಬ್ಬನೇ ಇದ್ದಿರಬೇಕು. ಆ ವರ್ಷ ಊರಿನ ಉಳಿದ ಹೊಲಗಳಲ್ಲೆಲ್ಲ ತೆನೆ ಹೆಬ್ಬೆರಳಿಗಿಂತ ದಪ್ಪವಾಗಲಿಲ್ಲ, ಕಾಳು ಜೊಳ್ಳಾಯಿತು, ದನಕ್ಕೆ ಸೊಪ್ಪೆ ಸಿಕ್ಕಿದ್ದೇ ಭಾಗ್ಯವಾಯಿತು. ಇವನ ಕಣದಲ್ಲಿ ಮಾತ್ರ ತೂರಿದಷ್ಟೂ ಕಾಳು ಬಿದ್ದು ರಾಶಿ ಆಳೆತ್ತರ ಬೆಳೆದು, ಈಚೆ ನಿಂತವನಿಗೆ ಆಚೆ ಕಸ ಆರಿಸುತ್ತಿದ್ದ ಹೆಂಡತಿ ಕಾಣದ ಹಾಗಾಗಿತ್ತು. ಗಾದಿಲಿಂಗಮ್ಮ ಕಾಣದಿದ್ದರೇನು, ಅವಳ ದನಿಗೆ ರಾಶಿ ಅಡ್ಡ ಬರುವುದುಂಟೇ?

"ಇವತ್ತರ ಹೇಳ್ತಿಯೋ ಇಲ್ಲೋ?"

"ಏನ ಹೇಳಾದು?"

"ಏನ ಹೇಳಾದಂತ! ಮೂಕಪ್ಪಣ್ಣ ಬರ್ತಾನ ಚೀಲ ತಗಂಡು. ಅವನ ಮುಂದ ಯಾವ ಮುಖ ಇಟ್ಕಂಡು ನಿಂದರ್ತೀ, ನೋಡ್ತೀನಿ ನಾನೂ."

ಯರ್ರೆಪ್ಪ ರಾಶಿಯ ಬುಡದಲ್ಲಿ ಚೆಲ್ಲಿದ ಕಾಳನ್ನು ಕಾಲಿನಿಂದ ಒತ್ತರಿಸಿ, ಕಾಲು ತಾಗಿಸಬಾರದೆಂದು ನೆನಪಾಗಿ, ಕಾಳು ಮುಟ್ಟಿ ಕಣ್ಣಿಗೊತ್ತಿಕೊಂಡ. ವಿಷಯವೇನೋ ಇಷ್ಟೇ. ಈ ಹೊಲಕ್ಕೆ ಈ ಸಲ ಅವನು ರೆಂಟೆ ಹೊಡೆದೇ ಇರಲಿಲ್ಲ, ದೊಡ್ಡ ನೇಗಿಲಿನಿಂದ ಆಳಕ್ಕೆ ಉತ್ತೇ ಇರಲಿಲ್ಲ. ಅಷ್ಟೇ ಆಗಿದ್ದರೆ ಸೋಮಾರಿ ಎನ್ನಿಸಿಕೊಂಡು ಬದುಕಬಹುದಿತ್ತು. ಆದರೆ ಹೊಡೆದಿದ್ದೇನೆ ಎಂದು ಹೇಳಿದ್ದ, ಊರು ನಂಬಿತ್ತು. ನಂಬಿ ಸುಮ್ಮನಿದ್ದರೂ ಆಗುತ್ತಿತ್ತು. ಬೆಳೆ ನೋಡಿದ ಮೇಲೆ, ಯರ್ರೆಪ್ಪ ತೊಡೆಯಾಳ ರೆಂಟೆ ಹೊಡೆದಿದ್ದಾನೆ, ಅದಕ್ಕೇ ಮಳೆ ಕೈಕೊಟ್ಟರೂ ಭೂಮಿ ಕೈಬಿಡಲಿಲ್ಲ ಎಂದು ಊರು ತಾನೇ ಒಂದು ಕಥೆ ಕಟ್ಟಿಕೊಂಡಿತು. ಮೊಳಕಾಲಾಳ ಎಂದು ಶುರುವಾದದ್ದು ಸಂತೆಯಿಂದ ಸಂತೆಗೆ ಏರಿ ತೊಡೆಗೆ ಬಂದಿತ್ತು. ಆಸ್ಪರಿಯ ಸಂತೆಯಲ್ಲಿ ಗುರುತಿಲ್ಲದವನೊಬ್ಬ ಅವನ ತೊಡೆಯನ್ನೇ ದಿಟ್ಟಿಸಿ ನೋಡಿದಾಗ ಯರ್ರೆಪ್ಪ ಪಂಚೆ ಕೆಳಗಿಳಿಸಿಕೊಂಡಿದ್ದ.

ಈಗ ಆ ರೆಂಟೆಯೇ ಕಣಕ್ಕೆ ಬಂದು ರಾಶಿಯ ಪಕ್ಕದಲ್ಲಿ ಮಲಗಿತ್ತು. ನಾಲ್ಕು ಜತೆ ಎತ್ತು ಎಳೆಯಬೇಕಾದ, ಎರಡಾಳು ಹಿಡಿಯಬೇಕಾದ ಜಾಲಿ ಮರದ ದಿಮ್ಮಿ. ಅದಕ್ಕೆ ಈಗ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವಿನ ಸರ ಸುತ್ತಿದ್ದರು. ವರ್ಷಪೂರ್ತಿ ಅದು ಹಿತ್ತಲ ಗೋಡೆಗೆ ಒರಗಿಕೊಂಡಿತ್ತು. ಅದರ ಬುಡದಲ್ಲಿ ಕೋಳಿ ಕಾವಿಗೆ ಕೂತು ಒಂದು ಸಲ ಮರಿಯನ್ನೂ ಮಾಡಿತ್ತು. ನಿನ್ನೆ ಊರಿನ ಸ್ಥಿತಿವಂತ ಓಬಳೇಶನ ಆಳು ಬಂದು, ರಾಶಿಪೂಜೆಗೆ ರೆಂಟೆಯನ್ನೂ ಒಯ್ಯಬೇಕಂತೆ, ಊರಿನವರೆಲ್ಲ ಕೈಮುಗಿಯಬೇಕಂತಾರೆ ಎಂದು ಹೇಳಿ ಹೋದ ಮೇಲೆ ಯರ್ರೆಪ್ಪನಿಗೆ ಅನ್ನ ಇಳಿಯಲಿಲ್ಲ. ಬೆಳಕು ಹರಿಯುವ ಮೊದಲೇ ಹಿತ್ತಲಿಗೆ ಹೋಗಿ ರೆಂಟೆಯ ಕಬ್ಬಿಣದ ಕುಳಕ್ಕೆ ಹಿಡಿದ ತುಕ್ಕನ್ನು ಇಟ್ಟಿಗೆಪುಡಿ ಹಾಕಿ ತಿಕ್ಕಿದ. ಯುದ್ಧ ಶುರುವಾದ ಮೇಲೆ ಸೀಮೆಎಣ್ಣೆ ಆದವಾನಿಯಲ್ಲೇ ಸಿಗುತ್ತಿರಲಿಲ್ಲ, ಹರಳೆಣ್ಣೆಯಲ್ಲೇ ತಿಕ್ಕಿದ. ಮೊಮ್ಮಗಳ ಮದುವೆಗೆ ಮೀಸೆಗೆ ಕಪ್ಪು ಹಚ್ಚಿಕೊಳ್ಳುವ ಮುದುಕನ ಹಾಗೆ ಕದ್ದು ಕೂತು ತಿಕ್ಕುತ್ತಿದ್ದಾಗ ಬೆನ್ನ ಹಿಂದೆ ಹೆಂಡತಿ ಬಂದು ನಿಂತಿದ್ದಳು. ಆಕೆ ಮೂಗು ಮುರಿದು ಒಳಗೆ ಹೋದದ್ದು ಬೈದದ್ದಕ್ಕಿಂತ ಹೆಚ್ಚಾಗಿತ್ತು. ಕುಳವೇನೋ ಹೊಳೆಯಿತು. ಮಣ್ಣು ತಿಕ್ಕಿ ಬಂದ ಹೊಳಪೇ ಬೇರೆ, ಇಟ್ಟಿಗೆ ತಿಕ್ಕಿ ಬಂದ ಹೊಳಪೇ ಬೇರೆ ಎಂದು ತಿಳಿಯದವರಿಗೆ ಅದು ಸಾಕಾಗಿತ್ತು.

ತಿಳಿದವನೊಬ್ಬ ಇದ್ದ. ಕಮ್ಮಾರ ಮೂಕಪ್ಪ. ರೆಂಟೆ ನಡೆಯುವ ಬೇಸಿಗೆಯಲ್ಲಿ ಎರೆಮಣ್ಣಿನ ಹೆಂಟೆಗಳಿಗೆ ಕುಳದ ಮೂತಿ ನಾಲ್ಕೇ ದಿನಕ್ಕೆ ಮೊಂಡಾಗುತ್ತದೆ; ಅದನ್ನು ಕುಲುಮೆಗೆ ಒಯ್ದು ಕಾಯಿಸಿ ಬಡಿಸಿಕೊಂಡು ಬರದೆ ಯಾವನೂ ಉಳಲಾರ. ಹೋದ ಬೇಸಿಗೆಯಲ್ಲಿ ಊರಿನ ಕುಳಗಳೆಲ್ಲ ಅವನ ಕುಲುಮೆ ಕಂಡವು, ಯರ್ರೆಪ್ಪನದೊಂದು ಕಾಣಲಿಲ್ಲ. ಮೂಕಪ್ಪ ಯಾರಿಗೂ ಹೇಳಿರಲಿಲ್ಲ. ಹೇಳಲಿಲ್ಲ ಎಂಬುದೇ ಯರ್ರೆಪ್ಪನನ್ನು ಕೊರೆಯುತ್ತಿತ್ತು. ವರ್ಷವೆಲ್ಲ ಮಾಡಿಕೊಟ್ಟ ಕೆಲಸಕ್ಕೆ ಕಮ್ಮಾರ, ಬಡಗಿ, ಅಗಸರಿಗೆ ಕಣದಲ್ಲಿ ಕಾಳು ಅಳೆದು ಕೊಡುವ ಆಯ ಇವತ್ತು ಕೊಡಬೇಕು, ಕಮ್ಮಾರನ ಆಯವನ್ನು ರೆಂಟೆಯ ಲೆಕ್ಕದಲ್ಲೇ ಕೊಡುವುದು. ಎಷ್ಟು ರೆಂಟೆಯೋ ಅಷ್ಟು ಕೊಳಗ. ಊರೆಲ್ಲ ನೆರೆದ ಕಣದಲ್ಲಿ ಮೂಕಪ್ಪ ಬಂದು ನಿಂತು ಆ ಕುಳದ ಕಡೆ ಒಂದು ಸಲ ಕಣ್ಣು ಹಾಯಿಸಿದರೆ ಮುಗಿಯಿತು.

ಸುಳ್ಳು ಹೇಳುವ ಮನಸ್ಸು ಅವನಿಗೆ ಯಾವಾಗ ಬಂದಿತ್ತು? ಬಂದಿರಲೇ ಇಲ್ಲ, ಓಬಳೇಶನ ಅಂಗಳದಿಂದ ಅದು ತಾನಾಗಿ ಅವನ ಹಿಂದೆ ಬಂತು. ಓಬಳೇಶ ಅವನ ಸಡ್ಡಕ, ಗಾದಿಲಿಂಗಮ್ಮನ ಅಕ್ಕ ಸುಂಕಮ್ಮನ ಗಂಡ. ಒಂದೇ ಮನೆಯ ಹೆಣ್ಣುಗಳನ್ನು ತಂದ ಇಬ್ಬರು ಗಂಡಸರಲ್ಲಿ ಒಬ್ಬನಿಗೆ ಎಂಟು ಜತೆ ಎತ್ತು, ಇನ್ನೊಬ್ಬನಿಗೆ ಒಂದು ಜತೆ ಇದ್ದರೆ ಮಾವನ ಮನೆಯ ಹಬ್ಬದೂಟದಲ್ಲಿ ಯಾರ ಎಲೆಗೆ ತುಪ್ಪ ಮೊದಲು ಬೀಳುತ್ತದೆ ಎಂದು ಕೇಳಬೇಕಾಗಿಲ್ಲ. ಯುಗಾದಿ ಕಳೆದ ವಾರ ಯರ್ರೆಪ್ಪ ಎರಡು ದಿನಕ್ಕೆ ಮೂರು ಜತೆ ಎತ್ತು ಕೇಳಲು ಅಲ್ಲಿಗೆ ಹೋಗಿದ್ದ. ಮದ್ದಿಕೇರದಿಂದ ಬಂದ ನೆಂಟರು ಕಟ್ಟೆಯ ಮೇಲೆ ಕೂತಿದ್ದರು, ಓಬಳೇಶ ಎತ್ತುಗಳಿಗೆ ತನ್ನ ಕೈಯಾರೆ ಹತ್ತಿಕಾಳು ಉಣ್ಣಿಸುತ್ತಿದ್ದ. ಕೂತ್ಕೋ ಎನ್ನಲಿಲ್ಲ. ಬೋಗುಣಿ ಬರಿದಾಗುವ ತನಕ ನಿಲ್ಲಿಸಿ, ಆಮೇಲೆ ಎತ್ತಿನ ಕೊರಳು ತುರಿಸುತ್ತ, "ತಮ್ಮಾ, ಕೊಡಾಕ ನಂದೇನು ಇಲ್ಲ. ಆದ್ರ ನಿನ್ನ ಎತ್ತಿನ ಜತಿ ಹೂಡಿದ್ರ ಇವಕ್ಕ ನಾಚಿಕಿ ಆಕ್ಕೈತಲ್ಲೋ," ಎಂದ. ನೆಂಟರು ಹೊಟ್ಟೆ ಹಿಡಿದು ನಕ್ಕರು. "ಬಾಗಾ ಚೆಪ್ಪಿನಾವಣ್ಣಾ," ಚೆನ್ನಾಗಿ ಹೇಳಿದೆ ಎಂದು ತೆಲುಗಿನಲ್ಲೇ ಮೆಚ್ಚಿ ಒಬ್ಬ ತೊಡೆ ತಟ್ಟಿದ. ಯರ್ರೆಪ್ಪನೂ ನಕ್ಕ. ಅದೇ, ತಾನೂ ನಕ್ಕದ್ದೇ, ಇವತ್ತಿಗೂ ನೆನೆದರೆ ಕಿವಿ ಬಿಸಿಯಾಗುವಂಥದು. ಬೈದಿದ್ದರೆ ಹಗೆ ಸಾಧಿಸಬಹುದಿತ್ತು. ನಕ್ಕವನು ಯಾರ ಮೇಲೆ ಸಾಧಿಸಬೇಕು? ಒಳಗಿನಿಂದ ಸುಂಕಮ್ಮ ಮಜ್ಜಿಗೆ ತಂದುಕೊಟ್ಟಳು, ಅದನ್ನೂ ಕುಡಿದು ಬಂದ.

ಬರುವಾಗ ಊರ ಅಗಸೆಬಾಗಿಲ ಹತ್ತಿರ ಯಾರೋ, "ರೆಂಟಿಗೆ ಎತ್ತು ಸಿಕ್ಕವೇನೋ?" ಎಂದರು. "ಆಸ್ಪರಿಯಿಂದ ನಮ್ಮ ಅಕ್ಕನ ಮನಿ ಎತ್ತು ಬರ್ತಾವು," ಎಂದುಬಿಟ್ಟ. ಹದಿನೈದು ದಿನ ಬಿಟ್ಟು ಮತ್ಯಾರೋ, "ಆತೇನು?" ಎಂದರು. "ಆತು." ಎರಡಕ್ಷರ. ಹೊಲ ಹಳ್ಳದಾಚೆ ಗುಡ್ಡದ ಬುಡದಲ್ಲಿತ್ತು, ದಾರಿ ಅಲ್ಲಿಗೇ ಮುಗಿಯುತ್ತಿತ್ತು. ಹೋಗಿ ನೋಡುವ ದರ್ದು ಯಾರಿಗಿತ್ತು? ಉಳ್ಳವರು ಮೂರು ವರ್ಷಕ್ಕೊಮ್ಮೆ ಹೊಲವನ್ನು ಬೀಳು ಬಿಟ್ಟು, ರೆಂಟೆ ಹೊಡೆದು, ಹೆಂಟೆಗಳನ್ನು ಬಿಸಿಲಿಗೆ ಒಣಗಿಸಿ ಮರುವರ್ಷ ಬಿತ್ತುವುದು ಅಜ್ಜಮುತ್ತಜ್ಜರಿಂದ ಬಂದ ಪದ್ಧತಿ. ಇವನಿಗೆ ಬೀಳು ಬಿಡಲು ಎರಡನೆಯ ಹೊಲ ಎಲ್ಲಿತ್ತು? ಜೋಳದ ಮೇಲೆ ಜೋಳ, ಅದರ ಮೇಲೆ ಮತ್ತೆ ಜೋಳ. ಈ ಸಲ ರೆಂಟೆಯೂ ಇಲ್ಲ. ಹೋದ ವರ್ಷದ ಜೋಳದ ಕೂಳೆಗಳು ಗೇಣುದ್ದ ನಿಂತಿದ್ದವು, ಅವನ್ನು ಕಿತ್ತು ಸುಡುವ ಮನಸ್ಸೂ ಬರಲಿಲ್ಲ. ಮುಖ ತೊಳೆಯದೆ ಮದುವೆಗೆ ಹೊರಟವನ ಹಾಗೆ, ತನ್ನ ಬಡಕಲು ಜತೆಗೆ ಕುಂಟೆ ಹೂಡಿದ. ಕುಂಟೆಯ ಅಗಲ ಅಲಗು ಮಣ್ಣನ್ನು ಕಿತ್ತು ಮಗುಚುವುದಿಲ್ಲ, ಎರಡು ಬೆರಳಾಳದಲ್ಲಿ ಕಳೆಯ ಬೇರು ಕೊಯ್ಯುತ್ತ ಹೋಗುತ್ತದೆ ಅಷ್ಟೇ. ಅದೂ ಗಟ್ಟಿ ನೆಲದಲ್ಲಿ ಜಿಗಿಯುತ್ತಿತ್ತು. ಕಲ್ಲು ಹೇರಿದ, ಕಲ್ಲು ಉರುಳಿತು. ಆಗ ಗಾದಿಲಿಂಗಮ್ಮ ಸೀರೆಯನ್ನು ಎತ್ತಿ ಕಟ್ಟಿ, "ಸರಿ ಅತ್ತಾಗ," ಎಂದು ಕುಂಟೆಯ ದಿಂಡಿನ ಮೇಲೆ ತಾನೇ ಕೂತಳು. ಹೆಣ್ಣು ರೆಂಟೆ ಮುಟ್ಟಬಾರದು, ಮಳೆ ಹೋಗುತ್ತದೆ ಎನ್ನುತ್ತಾರೆ. ಕುಂಟೆಯ ಮೇಲೆ ಕೂರಬಾರದೆಂದು ಯಾರೂ ಹೇಳಿರಲಿಲ್ಲ, ಕೂರುತ್ತಾಳೆಂದು ಯಾರಿಗೂ ತೋಚಿರಲಿಲ್ಲವಲ್ಲ. ಧೂಳು ತಿನ್ನುತ್ತ ಆಕೆ ಹೊಲದ ಉದ್ದಕ್ಕೂ ಹೋಗಿ ಬಂದಳು. ಯರ್ರೆಪ್ಪ ಬಾರುಕೋಲು ಹಿಡಿದು ನಡೆಯುತ್ತ, ಯಾರಾದರೂ ಗುಡ್ಡದ ಮೇಲಿನಿಂದ ನೋಡಿಯಾರೆಂದು ಸತ್ತು ಸತ್ತು ಹುಟ್ಟುತ್ತಿದ್ದ.

ಮಳೆ ಬಂದಾಗಲೆಲ್ಲ ಮತ್ತೆ ಕುಂಟೆ. ಮಾಡಲು ಬೇರೆ ಏನಿತ್ತು? ರೆಂಟೆ ಹೊಡೆದವರು ಕಟ್ಟೆಯ ಮೇಲೆ ಕೂತು ಯುದ್ಧದ ಸುದ್ದಿ ಹೇಳುತ್ತಿದ್ದಾಗ ಇವನು ಪಾಪ ತೊಳೆಯಲು ಪ್ರದಕ್ಷಿಣೆ ಹಾಕುವವನಂತೆ ಹೊಲ ಸುತ್ತುತ್ತಿದ್ದ. ಹಸ್ತ ಮಳೆಗೆ ಊರೆಲ್ಲ ಬಿತ್ತಿತು, ಇವನೂ ಬಿತ್ತಿದ. ಆಮೇಲೆ ಚಿತ್ತೆ ಬರಲಿಲ್ಲ, ಸ್ವಾತಿ ಬರಲಿಲ್ಲ. ರೆಂಟೆ ಹೊಡೆದ ಹೊಲಗಳಲ್ಲಿ ಹೆಂಟೆಗಳ ಸಂದಿಯಿಂದ ಗಾಳಿ ಹೊಕ್ಕು ಕೆಳಗಿನ ಹಸಿಯನ್ನೆಲ್ಲ ಕುಡಿದು, ನೆಲ ಆಳು ಇಳಿಯುವಷ್ಟು ಬಿರಿಯಿತು. ಇವನ ಹೊಲದಲ್ಲಿ ಸಣ್ಣ ಬಿರುಕು ಕಂಡರೂ ಸಾಲಿನ ನಡುವೆ ಎಡೆಕುಂಟೆ ಹಾಯಿಸಿ ಮುಚ್ಚುತ್ತಿದ್ದ, ಮೇಲೆ ಪುಡಿಮಣ್ಣು, ಅದರ ಮೇಲೆ ಅರ್ಧ ಕೊಳೆತ ಹಳೆಯ ಕೂಳೆ. ಪೈರು ಕಪ್ಪಗೆ ಎದ್ದು ನಿಂತದ್ದು ನೋಡಿ ಅವನಿಗೆ ಸಂತೋಷವಾಗಲಿಲ್ಲ, ಸಿಕ್ಕಿಬಿದ್ದೆ ಎನ್ನಿಸಿತು. ಕೊಯ್ಲಿಗೆ ಬಂದ ಹೆಣ್ಣಾಳೊಬ್ಬಳು, "ಇದೇನಕ್ಕ, ಹಳೇ ಕೂಳಿ ಇದ್ದಂಗೈತಿ ಕಾಲಾಗ?" ಎಂದಾಗ ಗಾದಿಲಿಂಗಮ್ಮ ತಲೆ ಎತ್ತದೆ, "ಗಾಳಿಗೆ ಬಂದಾವು," ಎಂದಿದ್ದಳು.

ಹೊತ್ತು ಏರಿತು. ಹಳ್ಳ ದಾಟಿ ಜನ ಬರತೊಡಗಿದರು. ಮುಂದೆ ಓಬಳೇಶ, ಹೆಗಲ ಮೇಲೆ ಜರಿಯ ವಲ್ಲಿ, ಹಿಂದೆ ಸುಂಕಮ್ಮ, ಅವರ ಹಿಂದೆ ಕೋಲೂರಿಕೊಂಡು ಕೆಂಚಣ್ಣ. ಊರಿನ ಕಣಗಳಲ್ಲೆಲ್ಲ ಮೊದಲ ಕೊಳಗ ಎತ್ತುವ ಕೈ ಕೆಂಚಣ್ಣನದು, ಯರ್ರೆಪ್ಪನಿಗೆ ಕೂರಿಗೆ ಹಿಡಿದು ಕಾಳು ಬಿಡುವುದನ್ನು ಕಲಿಸಿದವನೂ ಅವನೇ. ಅವನ ಹಿಂದೆ ಹತ್ತಿಪ್ಪತ್ತು ಜನ. ಎಲ್ಲರೂ ಮೊದಲು ರಾಶಿಗೆ ಕೈಮುಗಿದರು, ಆಮೇಲೆ ರೆಂಟೆಗೆ. ಓಬಳೇಶನೂ ಚಪ್ಪಲಿ ಬಿಟ್ಟು ಬಾಗಿ ಮುಟ್ಟಿದ. ಎಂಟು ಜತೆ ಎತ್ತಿನ ಯಜಮಾನ ತನ್ನ ಕಣದಲ್ಲಿ ಬಾಗಿದ ಆ ಗಳಿಗೆ ಯರ್ರೆಪ್ಪನ ಎದೆಯಲ್ಲಿ ಬೆಲ್ಲದ ಹಾಗೆ ಕರಗಿತು, ಸುಳ್ಳು ಹೇಳುವುದೇಕೆ.

"ತಮ್ಮಾ, ಒಂದ್ಮಾತು," ಎಂದ ಓಬಳೇಶ, ಎಲ್ಲರಿಗೂ ಕೇಳುವಂತೆ. "ಯುಗಾದಿ ಆಗಿಂದ್ಲೇ ನಿನ್ನ ರೆಂಟಿ ಮೊದ್ಲು ನನಗ. ಆರು ಜತಿ ಹೂಡ್ತೀನಿ. ನೀ ತೊಡಿಯಾಳ ಹೊಡದಿ, ನಾ ಸೊಂಟದ ಮಟ ಹೊಡೀತೀನಿ. ನಿನ್ನ ಕೈಗುಣ ಐತಿ, ನೀನೂ ಬಂದು ಹಿಡಿಬೇಕು. ಇಲ್ಲ ಅನಬ್ಯಾಡ."

ಹಿಡಿಯಲಿ, ಹೊಡೆಯಲಿ! ಯರ್ರೆಪ್ಪನ ಕಣ್ಣಿಗೆ ಆ ಹೊಲ ಕಟ್ಟಿತು. ಸೊಂಟದ ಮಟ ಎದ್ದ ಹೆಂಟೆಗಳು, ಅವುಗಳ ಸಂದಿಯಲ್ಲಿ ಸುಯ್ಯೆಂದು ಹೊರಟುಹೋಗುವ ಹಸಿ, ಮುಂದಿನ ಮಾಘದಲ್ಲಿ ಓಬಳೇಶನ ಕಣದಲ್ಲಿ ಗುಬ್ಬಿ ಮೂತಿಯಷ್ಟು ರಾಶಿ. ತಾನು ಬಾಯಿ ಮುಚ್ಚಿಕೊಂಡರೆ ಸಾಕು. ಮುಚ್ಚಿಕೊಳ್ಳುವುದರಲ್ಲಿ ಅವನಿಗೆ ವರ್ಷದ ಅಭ್ಯಾಸವಿತ್ತು. "ಒಯ್ಯಿ ಅಣ್ಣಾ, ಅದಕ್ಕೇನು," ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು.

"ನನಗೂ ಎರಡು ದಿನ ಕೊಡ್ರಪ್ಪ," ಎಂದ ಕೆಂಚಣ್ಣ, ಕೋಲಿನ ಮೇಲೆ ಗದ್ದ ಊರಿ. "ನನ್ನವು ಮುದಿ ಎತ್ತು, ಗೊತ್ತೈತಿ. ಎಳೀತಾ ಎಳೀತಾ ಬಿದ್ರೂ ಬೀಳ್ತಾವು. ಬೀಳಲಿ, ಒಂದು ಸಲ ಈ ರೆಂಟಿ ನನ್ನ ಹೊಲ ಕಾಣಲಿ. ಸಾಯೋದ್ರಾಗ ಇಂಥ ರಾಶಿ ಒಂದು ನೋಡ್ತೀನಿ."

ಯರ್ರೆಪ್ಪ ರಾಶಿಯ ಕಡೆ ತಿರುಗಿ ಏನೋ ಆರಿಸುವವನಂತೆ ಬಗ್ಗಿದ. ಕೆಂಚಣ್ಣನ ಕೆಂದೆತ್ತು, ಬಿಳಿಯೆತ್ತು ಊರಿಗೆಲ್ಲ ಗೊತ್ತು. ಚಳಿಗಾಲದಲ್ಲಿ ಮುದುಕ ತನ್ನ ಕಂಬಳಿಯನ್ನು ಅವಕ್ಕೆ ಹೊದಿಸಿ ತಾನು ನಡುಗುತ್ತ ಕೂರುತ್ತಿದ್ದ. ಅವು ಮೊಣಕಾಲೂರಿ ಬೀಳುವುದು, ಈ ಹೂವಿನ ಸರದ ದಿಮ್ಮಿ ಅವುಗಳ ಹಿಂದೆ ನಿಲ್ಲುವುದು ಅವನ ಕಣ್ಣಿಗೆ ಬಂತು. ಸುಳ್ಳು ಇಷ್ಟು ದಿನ ಅವನ ಮನೆಯ ಹಿತ್ತಲಲ್ಲಿ ಇತ್ತು. ಈಗ ಬೇರೆಯವರ ಹೊಲಕ್ಕೆ ಹೊರಟು ನಿಂತಿತ್ತು.

ಪೂಜೆ ಮುಗಿದು ಕೆಂಚಣ್ಣ ಕೊಳಗ ಹಿಡಿದ, ದೇವರ ಹೆಸರಿನ ಕಾಳನ್ನು ಬೇರೆ ತೆಗೆದಿಟ್ಟ. ಆಮೇಲೆ ಬಡಗಿಯ ಆಯ ಕೊಟ್ಟ. "ಎಲ್ಲದಾನಪ್ಪ ಕಮ್ಮಾರ? ಬಾ ಮೂಕಪ್ಪ, ಹಿಡಿ ಚೀಲ."

ಮೂಕಪ್ಪ ಕಣದ ಅಂಚಿನಲ್ಲಿ ನಿಂತಿದ್ದ. ಯಾವಾಗ ಬಂದನೋ ಯರ್ರೆಪ್ಪ ನೋಡಿರಲಿಲ್ಲ. ಚೀಲವನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಅವನ ಕಣ್ಣು ರೆಂಟೆಯ ಕುಳದ ಮೇಲೆ ಹೋಯಿತು, ಅಲ್ಲಿ ಒಂದು ಗಳಿಗೆ ನಿಂತಿತು, ಅಲ್ಲಿಂದ ಯರ್ರೆಪ್ಪನ ಕೈಬೆರಳಿಗೆ ಬಂತು. ಉಗುರಿನ ಸಂದಿಯಲ್ಲಿ ಇನ್ನೂ ಇಟ್ಟಿಗೆಯ ಕೆಂಪು ಇತ್ತು. ಯರ್ರೆಪ್ಪ ಕೈ ಮಡಚಿಕೊಂಡ.

"ನನಗ ಬ್ಯಾಡ ಬಿಡು ತಾತ," ಎಂದ ಮೂಕಪ್ಪ.

"ಯಾಕೋ?"

"ಚೀಲ ಹರದೈತಿ."

ಜನ ನಕ್ಕರು. ಓಬಳೇಶ, "ಏ, ನಂದೊಂದು ಚೀಲ ಕೊಡ್ರೋ ಅವನಿಗೆ," ಎಂದು ಕೂಗಿದ. ಮೂಕಪ್ಪ ನಗಲಿಲ್ಲ. "ಬ್ಯಾಡ್ರಿ. ಇನ್ನೊಮ್ಮೆ ಬರ್ತೀನಿ," ಎಂದು ಹಿಂದಿರುಗಿ ಹಳ್ಳದ ಕಡೆ ಹೆಜ್ಜೆ ಹಾಕಿದ. ಅವನ ಬೆನ್ನು ಯರ್ರೆಪ್ಪನಿಗೆ ಕಾಣಿಸಿತು, ಕುಲುಮೆಯ ಕಿಡಿ ಸಿಡಿದು ತೂತುಬಿದ್ದ ಅಂಗಿ, ಆ ತೂತುಗಳಲ್ಲಿ ಕಪ್ಪು ಮೈ. ದುಡಿಯದ ಆಯ ಒಯ್ಯಲಾರ, ಯಾಕೆ ಒಯ್ಯುವುದಿಲ್ಲವೆಂದು ಹೇಳಿ ಇನ್ನೊಬ್ಬನ ಮಾನವನ್ನೂ ಕಳೆಯಲಾರ. ಅದಕ್ಕೆ ಬರಿಗೈಯಲ್ಲಿ ಮನೆಗೆ ಹೊರಟಿದ್ದಾನೆ. ಇಂಥ ವರ್ಷದಲ್ಲಿ, ಊರಿನ ಬೇರೆ ಯಾವ ಕಣದಲ್ಲೂ ಹಿಡಿ ಕಾಳು ಸಿಗದ ವರ್ಷದಲ್ಲಿ. ತನ್ನ ಮಾನ ಎಂದು ಇಷ್ಟು ದಿನ ಕಾದುಕೊಂಡದ್ದು ಇನ್ನೊಬ್ಬರ ಮಕ್ಕಳ ಗಂಗಾಳದಲ್ಲಿನ ರೊಟ್ಟಿ ಎಂದು ಯರ್ರೆಪ್ಪನಿಗೆ ಹೊಳೆಯಿತು, ಹೊಳೆದದ್ದೇ ಬಾಯಿ ತಾನಾಗಿ ತೆರೆಯಿತು.

"ಮೂಕಪ್ಪಣ್ಣಾ, ನಿಂದ್ರು!"

ಅಷ್ಟು ಜೋರಾಗಿ ಕೂಗಿದೆನೆಂದು ಅವನಿಗೇ ಗೊತ್ತಿರಲಿಲ್ಲ. ಮೇಟಿಕಂಬಕ್ಕೆ ಕಟ್ಟಿದ್ದ ಎತ್ತುಗಳು ತಲೆ ಎತ್ತಿದವು.

"ಅವನ ಚೀಲ ಹರದಿಲ್ಲ," ಎಂದ ಯರ್ರೆಪ್ಪ. "ನನ್ನ ಕುಳ ಅವನ ಕುಲುಮಿ ಕಂಡಿಲ್ಲ. ಬ್ಯಾಸಿಗ್ಯಾಗ ಒಂದಿನಾನೂ ಕಂಡಿಲ್ಲ. ಅದಕ್ಕ ಆಯ ಒಲ್ಲೆ ಅಂತಾನ. ಈ ಹೊಲಕ್ಕ ರೆಂಟಿ ಬಿದ್ದಿಲ್ಲ. ನಾ ಅಬದ್ಧ ಹೇಳಿದ್ದೆ."

ರಾಶಿಯ ಆಚೆಯಿಂದ ಗಾದಿಲಿಂಗಮ್ಮ ಮೊರ ಕೆಳಗಿಟ್ಟು ಈಚೆ ಬಂದು ನಿಂತಳು.

"ಆಸ್ಪರಿ ಎತ್ತು?" ಎಂದ ಓಬಳೇಶ.

"ಬರ್ಲಿಲ್ಲ."

"ಹಂಗಾದ್ರ ಏನ ಮಾಡಿದ್ಯೋ?" ಕೆಂಚಣ್ಣ ಕೇಳಿದ.

"ಕುಂಟಿ ಹೊಡದ್ವಿ ತಾತ. ಬರೇ ಕುಂಟಿ. ಬಿತ್ತೋ ಮುಂದ ನಾಕು ಸಲ. ಆಮ್ಯಾಲೆ ಬಿರುಕು ಮುಚ್ಚಾಕ ಸಾಲಾಗ ಎಡಿಕುಂಟಿ ಐದು ಸಲ. ಕೂಳಿ ಕೀಳ್ಲಿಲ್ಲ, ಸುಡ್ಲಿಲ್ಲ, ಅಲ್ಲೇ ಬಿಟ್ವಿ. ಕುಂಟಿ ಹಗುರಾಗಿ ಜಿಗೀತಿತ್ತು, ಇಕಿ ಮ್ಯಾಲೆ ಕುಂತ್ಲು."

ಮೊದಲು ನಕ್ಕವಳು ಸುಂಕಮ್ಮ. ಅವಳ ಹಿಂದೆ ಕಣವೆಲ್ಲ ನಕ್ಕಿತು. "ಕುಂತ್ಲಂತ!" "ಅದಕ್ಕ ಅಷ್ಟು ತೂಕ ಬಿದ್ದೈತಿ ಕಾಳಿಗೆ!" ಯಾರೋ ವಲ್ಲಿಯನ್ನು ಬಾಯಿಗೆ ತುರುಕಿಕೊಂಡರು. ಯರ್ರೆಪ್ಪನಿಗೆ ಆಶ್ಚರ್ಯವಾಯಿತು. ಈ ನಗುವಿಗೇ ಅಲ್ಲವೆ ವರ್ಷವಿಡೀ ಹೆದರಿ ಸತ್ತದ್ದು? ಬಂದೇ ಬಿಟ್ಟಿತಲ್ಲ, ಬಂದು ಮೈಮೇಲೆ ಬಿತ್ತು, ಬಿದ್ದರೂ ಎಲ್ಲಿಯೂ ನೋಯುತ್ತಿಲ್ಲ. ಅದಕ್ಕಿಂತ ವಿಚಿತ್ರವಾದದ್ದು ಬೇರೆ ಇತ್ತು. ಇಷ್ಟು ದಿನ ತಪ್ಪುಗಳ ಪಟ್ಟಿ ಎಂದು ಮನಸ್ಸಿನಲ್ಲಿ ಹೊತ್ತು ತಿರುಗಿದ್ದು ಬಾಯಿಂದ ಹೊರಬಿದ್ದಾಗ ಕೆಲಸಗಳ ಪಟ್ಟಿಯಾಗಿ ಕೇಳಿಸಿತು. ನಾಲ್ಕು ಸಲ. ಐದು ಸಲ. ಕೂಳೆ ಬಿಟ್ಟದ್ದು. ಬಿರುಕು ಮುಚ್ಚಿದ್ದು.

ಓಬಳೇಶ ನಗಲಿಲ್ಲ. ಅವನು ಬಾಗಿ ಮುಟ್ಟಿದ್ದ ರೆಂಟೆ ಅಲ್ಲೇ ಇತ್ತು. "ರೆಂಟಿ ಇಲ್ಲದ, ಬೀಳು ಬಿಡದ ಜ್ವಾಳ ಬೆಳೀತೈತೇನು?" ಎಂದ ಗಡುಸಾಗಿ. "ದೇವ್ರು ಕಣ್ಣು ಮುಚ್ಚಿ ಎಸದಾನ, ನಿನ್ನ ಹೊಲದಾಗ ಬಿದ್ದೈತಿ. ನಿಂದೇನೈತೋ ಇದ್ರಾಗ?"

ಹೋದ ಯುಗಾದಿಯ ಯರ್ರೆಪ್ಪನಾಗಿದ್ದರೆ ಹೌದೆನ್ನುತ್ತಿದ್ದ. ಈಗ ಅವನು ಓಬಳೇಶನ ಮುಂಗೈಯನ್ನೇ ಹಿಡಿದ. ಸಡ್ಡಕನ ಕೈಯನ್ನು ಅವನು ಹಿಡಿದದ್ದು ಅದೇ ಮೊದಲು. "ಬಾ ಅಣ್ಣಾ, ತೋರಿಸ್ತೀನಿ," ಎಂದು ಕಣದ ಮಗ್ಗುಲಿನ ಮೂಲೆಗೆ ನಡೆಸಿಕೊಂಡು ಹೋದ. ಕಣಕ್ಕೆ ಜಾಗ ಬೇಕೆಂದು ಬಿತ್ತದೆ ಬಿಟ್ಟ ಮೂಲೆ ಅದು, ಹೊಲದ ಜತೆ ಅದಕ್ಕೂ ಅಷ್ಟೇ ಕುಂಟೆ ಬಿದ್ದಿತ್ತು. ಜನವೂ ಬಂತು. ಯರ್ರೆಪ್ಪ ಕುಡುಗೋಲು ತೆಗೆದುಕೊಂಡು ಮೊಣಕಾಲೂರಿ ಅಗೆದ. ಮೇಲೆ ಹಿಟ್ಟಿನಂಥ ಒಣ ಪುಡಿ, ಅದರೊಳಗೆ ಕೂಳೆಯ ಚೂರು. ಗೇಣು ಇಳಿದ. ಒಣಗಿತ್ತು. ಇಲ್ಲಿ ಎಂದೂ ಅಗೆದು ನೋಡಿರಲಿಲ್ಲ, ಊರ ಮುಂದೆ ಎರಡನೆಯ ಸಲ ಹಾಸ್ಯವಾಗುವುದೊಂದು ಬಾಕಿ. ಇನ್ನೊಂದು ಗೇಣು ಇಳಿದ. ಕುಡುಗೋಲಿನ ತುದಿಗೆ ಮಣ್ಣು ಅಂಟಿಕೊಂಡು ಬಂತು. ಕೈ ಹಾಕಿದ. ತಣ್ಣಗಿತ್ತು! ಮಳೆಯ ಮುಖ ಕಾಣದೆ ಮೂರು ತಿಂಗಳ ಮೇಲಾಗಿತ್ತು, ಭೂಮಿ ಒಳಗೆ ತಣ್ಣಗಿತ್ತು. ಹಿಡಿ ತುಂಬ ತೆಗೆದು ಒತ್ತಿದ, ಮಣ್ಣು ಉಂಡೆಯಾಗಿ ಅವನ ಬೆರಳಿನ ಗುರುತು ಹೊತ್ತು ನಿಂತಿತು.

ಕೆಂಚಣ್ಣ ಅದನ್ನು ಇಸಕೊಂಡು ಮೂಸಿದ, ಹೆಬ್ಬೆರಳಿನಿಂದ ಒತ್ತಿದ, ಮತ್ತೆ ಮೂಸಿದ. "ನನ್ನ ಹೊಲದಾಗ ಮೊಣಕೈ ಮಟ ತೋಡಿದ್ರೂ ಬೂದಿ ಬರ್ತೈತಲ್ಲಪ್ಪಾ," ಎಂದ. ಆಮೇಲೆ ಅದನ್ನು ಓಬಳೇಶನ ಅಂಗೈಯಲ್ಲಿ ಇಟ್ಟ. ಓಬಳೇಶ ಮುಷ್ಟಿ ಬಿಗಿ ಮಾಡಿ ಬಿಟ್ಟ. ಉಂಡೆ ಒಡೆಯಲಿಲ್ಲ. ಅವನೂ ಒಕ್ಕಲುತನದವನೇ, ಸೊಕ್ಕಿದ್ದರೇನು, ಕೈಗೆ ಬಂದ ಹಸಿಯನ್ನು ಸುಳ್ಳು ಎನ್ನಲಾರ.

"ದೇವ್ರು ಎಸದಿದ್ದು ಹೌದು," ಎಂದ ಯರ್ರೆಪ್ಪ. "ಎಲ್ಲರ ಹೊಲದಾಗೂ ಒಂದೇ ಮಳಿ ಎಸದಾನ. ನೀವು ರೆಂಟಿಲೆ ಬಾಗ್ಲ ತಗದು ಹೊರಗ ಬಿಟ್ರಿ. ನಾನು, ಇಕಿ, ಬಾಗ್ಲ ಹಾಕ್ಕಂಡು ಕುಂತ್ವಿ." ಈ ಮಾತು ತನ್ನೊಳಗೆ ಇತ್ತೆಂದು ಅವನಿಗೆ ಆಡುವ ತನಕ ತಿಳಿದಿರಲಿಲ್ಲ. ನಾಚಿಕೆಯಿಂದ ಮಾಡಿದ್ದೆಲ್ಲ ತಿಳುವಳಿಕೆಯಾಗಿತ್ತು. ಕದ್ದು ಕದ್ದು ಹೊಲ ಸುತ್ತಿದ ಕಾಲಿಗೆ ಗೊತ್ತಾದದ್ದು ತಲೆಗೆ ಈಗ ಬಂದು ಮುಟ್ಟಿತ್ತು.

ಅವನು ಕಣಕ್ಕೆ ತಿರುಗಿ ಬಂದು, ಕೂಗು ಕೇಳಿ ಹಿಂದಿರುಗಿದ್ದ ಮೂಕಪ್ಪನ ಕಂಕುಳಿನಿಂದ ಚೀಲ ಎಳೆದುಕೊಂಡು ಬಿಡಿಸಿದ. ಹೊಸ ಚೀಲ, ಒಂದು ನೂಲೂ ಹರಿದಿರಲಿಲ್ಲ. "ಕುಂಟಿ ಅಲಗು ನಾಕು ಸಲ ಬಡದು ಕೊಟ್ಟೀದಿ, ಹೌದಲ್ಲೋ?"

"ಕುಂಟಿಗೆ ಆಯ ಇಲ್ಲಪ್ಪ. ರೆಂಟಿ ಲೆಕ್ಕ. ಮೊದ್ಲಿಂದ ಹಂಗ ಐತಿ."

"ಮೊದ್ಲಿಂದ ಇರ್ಲಿ. ನನ್ನ ಕಣದಾಗ ಇವತ್ತಿಂದ ಕುಂಟಿ ಲೆಕ್ಕ. ತಾತ, ರೆಂಟಿಗೆ ಎಷ್ಟೋ ಕುಂಟಿಗೂ ಅಷ್ಟೇ ಕೊಡು." ಕೆಂಚಣ್ಣ ಒಂದು ಗಳಿಗೆ ಯೋಚಿಸಿದ. ಮುದುಕನ ಎಪ್ಪತ್ತು ವರ್ಷದ ಕೈ ಎಂದೂ ಆ ಲೆಕ್ಕದಲ್ಲಿ ಕೊಳಗ ಎತ್ತಿರಲಿಲ್ಲ. ಆಮೇಲೆ ಎತ್ತಿ, ಗೋಪುರದ ಹಾಗೆ ತುಂಬಿ, ಚೀಲಕ್ಕೆ ಸುರಿದ. ಮೂಕಪ್ಪ ಚೀಲದ ಬಾಯಿ ಹಿಡಿದಿದ್ದ. ಆಚೆ ಚೆಲ್ಲಿದ ನಾಲ್ಕು ಕಾಳನ್ನೂ ಆರಿಸಿ ಚೀಲಕ್ಕೆ ಹಾಕಿಕೊಂಡ.

ಗಾದಿಲಿಂಗಮ್ಮ ರೆಂಟೆಯ ಮೇಲಿನ ಹೂವಿನ ಸರ ತೆಗೆದು, ಬೇಲಿಗೆ ಒರಗಿಸಿದ್ದ ಕುಂಟೆಗೆ ಹಾಕಿ ಬಂದಳು. ಯಾರೂ ಬೇಡವೆನ್ನಲಿಲ್ಲ. ಓಬಳೇಶ ಅಂಗೈಯ ಮಣ್ಣನ್ನು ಇನ್ನೂ ಚೆಲ್ಲಿರಲಿಲ್ಲ. ಕೆಮ್ಮಿದ, ವಲ್ಲಿ ಸರಿಮಾಡಿಕೊಂಡ.

"ತಮ್ಮಾ," ಎಂದ, ಈ ಸಲ ಮೆಲ್ಲಗೆ, "ಯುಗಾದಿ ಆದ ಮ್ಯಾಲೆ ಆ ಕುಂಟಿ... ನನ್ನ ಹೊಲಕ್ಕ ಬಂದು ಹೆಂಗಂತ ಒಂದೀಟು ತೋರಿಸ್ತಿಯೇನು?"

ಯರ್ರೆಪ್ಪ ಬಾಯಿ ತೆರೆಯುವ ಮೊದಲೇ ಗಾದಿಲಿಂಗಮ್ಮ, ಸೊಂಟದ ಮೇಲೆ ಕೈ ಇಟ್ಟು, "ಕುಂಟಿ ಕೊಡ್ತೀವಿ ಬಾವ, ಆತನ್ನೂ ಕಳಿಸ್ತೀವಿ. ಮ್ಯಾಲೆ ಕುಂದ್ರಾಕ ಮಾತ್ರ ನಮ್ಮ ಅಕ್ಕನ್ನ ಕರಕಂಡು ಬರ್ರಿ!" ಎಂದಳು.

ಸುಂಕಮ್ಮ ಮೊರ ಎತ್ತಿ ತಂಗಿಯ ಬೆನ್ನಿಗೆ ಬಾರಿಸಿದಳು. ಕಣಕ್ಕೆ ಕಣವೇ ನಕ್ಕಿತು, ಮೂಕಪ್ಪ ನಕ್ಕ, ಓಬಳೇಶನೂ ತಡೆಯಲಾರದೆ ಗಟ್ಟಿಯಾಗಿ ನಕ್ಕು ಕಣ್ಣೊರೆಸಿಕೊಂಡ. ನಗು ಇಳಿದ ಮೇಲೆ ಕೆಂಚಣ್ಣ ಕೊಳಗವನ್ನು ಯರ್ರೆಪ್ಪನ ಕೈಗೇ ಕೊಟ್ಟ. ದೇವರದು, ಆಯದ್ದು ತೆಗೆದು ಮನೆಗೆಂದು ರಾಶಿ ಅಳೆಯುವಾಗ ಮೊದಲ ಕೊಳಗವನ್ನು ಒಂದು ಎನ್ನಬಾರದು, ಲಾಭ ಎನ್ನಬೇಕು; ಎಲ್ಲರೂ ತಗ್ಗಿದ ದನಿಯಲ್ಲಿ, ಕಣ್ಣು ತಾಗೀತೆಂದು ಅಂಜಿ ಎನ್ನುತ್ತಾರೆ. ಯರ್ರೆಪ್ಪ ಕೊಳಗ ತುಂಬಿ ಎತ್ತಿ ಹಿಡಿದು, ಹೆಂಡತಿಯ ಮುಖ ನೋಡಿ, ಗುಡ್ಡಕ್ಕೆಲ್ಲ ಕೇಳುವಂತೆ ಕೂಗಿದ:

"ಲಾಭ!"